ಸರಕು ವಿಮಾನದವರ ನಿದ್ದೆ

(ಅರಸೀಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ಸೀಮೆಯಲ್ಲಿ ದತ್ತಿ ಉಪನ್ಯಾಸ ಎಂದರೆ ಹೊಯ್ಸಳರ ಮೇಲೋ ವಚನಗಳ ಮೇಲೋ ಇರುವುದು ವಾಡಿಕೆ. ಬೇಲೂರು, ಹಳೇಬೀಡು ಎರಡೂ ಮಗ್ಗುಲಲ್ಲೇ ಇರುವಾಗ, ಅದರಲ್ಲೂ 2023ರಲ್ಲಿ ಆ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ, ಬೇರೆ ವಿಷಯ ಎತ್ತುವುದೇ ಉದ್ಧಟತನ ಅನ್ನಿಸಬಹುದು. ಸಂಘಟಕರು ಫೋನ್ ಮಾಡಿ ವಿಷಯ ಕೇಳಿದಾಗ, "ರಾತ್ರಿ ಹೊತ್ತು ಇಳಿಯಲು ಹೋಗಿ ಬೀಳುವ ಸರಕು ವಿಮಾನಗಳ ಬಗ್ಗೆ ಮಾತಾಡ್ತೀನಿ" ಅಂದೆ. "ಸಾರ್, ಅರಸೀಕೆರೆಗೆ ವಿಮಾನ ಬರಲ್ವಲ್ಲ" ಅಂದರು. ಬರುವುದಿಲ್ಲ, ನಿಜ. ಆದರೂ ಈ ಮಾತಿಗೆ ಇದಕ್ಕಿಂತ ತಕ್ಕ ಊರು ನನಗೆ ಹೊಳೆಯಲಿಲ್ಲ.

ಏಕೆಂದರೆ ಇದು ರಾತ್ರಿ ಮಲಗುವ ಊರಲ್ಲ. ಬೆಂಗಳೂರು–ಹುಬ್ಬಳ್ಳಿ ದಾರಿಗೆ ಹಾಸನ–ಮೈಸೂರಿನ ಕವಲು ಬಂದು ಕೂಡುವ ಜಂಕ್ಷನ್. ನೈಟ್ ಡ್ಯೂಟಿ ಎಂದರೇನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಸಾಲುಗಳಲ್ಲೇ ರೈಲ್ವೆಯಿಂದ ನಿವೃತ್ತರಾದವರು ಕೂತಿದ್ದೀರಿ. ಪ್ಯಾಸೆಂಜರ್ ಗಾಡಿ ಬರುವುದಿದ್ದರೆ ಗೂಡ್ಸ್ ಗಾಡಿಯನ್ನು ಲೂಪ್ ಲೈನಿಗೆ ಹಾಕಿ ನಿಲ್ಲಿಸುತ್ತೀರಿ. ತಪ್ಪೇನಿಲ್ಲ, ಕಲ್ಲಿದ್ದಲಿಗೆ ಅವಸರವಿಲ್ಲ. ಆದರೆ ಗೂಡ್ಸ್ ನಡೆಸುವವನ ನಿದ್ದೆಯನ್ನೂ ಲೂಪ್ ಲೈನಿಗೆ ಹಾಕಬಹುದೇ? ಆಕಾಶದಲ್ಲಿ ಹಾಗೆ ಹಾಕಿದ್ದಾರೆ, ಅದೂ ಕಾನೂನು ಬರೆದು ಹಾಕಿದ್ದಾರೆ. ನನ್ನ ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಇನ್ನೊಂದು ಕಾರಣ ಜಾವಗಲ್. ಜಾವಗಲ್ ಎಂದ ಕೂಡಲೇ ನಿಮಗೆ ವೇಗದ ಬೌಲರ್ ಶ್ರೀನಾಥ್ ನೆನಪಾಗುತ್ತಾರೆ, ಆಗಲೇಬೇಕು. ಆದರೆ ಅದೇ ಜಾವಗಲ್ಲಿನ ಬಳಿ ಸೈನ್ಯ ಬಿಟ್ಟು ಬಂದ ಒಬ್ಬ ಯುವಕ ಬೇಸಾಯ ಮಾಡುತ್ತಿದ್ದ. ಗೊರೂರಿನವರು, ಹೇಮಾವತಿ ಅಣೆಕಟ್ಟೆಯಲ್ಲಿ ಜಮೀನು ಮುಳುಗಿದ ಕುಟುಂಬ. ಪರಿಹಾರವಾಗಿ ಸಿಕ್ಕ ಬರಡು ನೆಲಕ್ಕೆ ಬಂದು ರೇಷ್ಮೆ ಮಾಡಿದವರು. ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಕಟ್ಟಿದ್ದು ಎಲ್ಲರಿಗೂ ಗೊತ್ತು, ಸಿನಿಮಾವೂ ಆಯಿತು. 2009ರಲ್ಲಿ ಅವರು ಡೆಕ್ಕನ್ 360 ಎಂಬ ಸರಕು ವಿಮಾನ ಕಂಪನಿ ಕಟ್ಟಿದ್ದು, ಅದು ಕೆಲವೇ ವರ್ಷಗಳಲ್ಲಿ ಮುಚ್ಚಿದ್ದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಆ ಕಂಪನಿಗೆ ಅವರು ಆರಿಸಿಕೊಂಡ ನಡುಮನೆ ನಾಗಪುರ.

ನಾಗಪುರವನ್ನು ಆರಿಸಿದ್ದರಲ್ಲಿ ಒಂದು ಹಳೆಯ ಕಥೆ ಅಡಗಿದೆ. 1949ರ ಜನವರಿಯಲ್ಲಿ ನಮ್ಮ ದೇಶದಲ್ಲಿ ರಾತ್ರಿ ಟಪಾಲು ವಿಮಾನ ಶುರುವಾಯಿತು. ದಿಲ್ಲಿ, ಮುಂಬಯಿ, ಕಲ್ಕತ್ತ, ಮದರಾಸು, ನಾಲ್ಕೂ ಕಡೆಯಿಂದ ಒಂದೊಂದು ವಿಮಾನ ಹೊರಟು ನಡುರಾತ್ರಿ ನಾಗಪುರದಲ್ಲಿ ಕೂಡುತ್ತಿದ್ದವು. ಚೀಲ ಅದಲು ಬದಲು. ಬೆಳಗಾಗುವುದರೊಳಗೆ ತಂತಮ್ಮ ಊರಿಗೆ ವಾಪಸ್. ಅಮೆರಿಕದ ಫೆಡರಲ್ ಎಕ್ಸ್‌ಪ್ರೆಸ್ ಕಂಪನಿ ಮೆಂಫಿಸ್ ಊರಲ್ಲಿ ಇದೇ ಉಪಾಯದಿಂದ 1973ರಲ್ಲಿ ವ್ಯಾಪಾರ ಶುರುಮಾಡಿ ಪ್ರಪಂಚ ಗೆದ್ದಿತು. ನಮ್ಮ ಅಂಚೆಯವರು ಅದಕ್ಕೂ ಇಪ್ಪತ್ತನಾಲ್ಕು ವರ್ಷ ಮೊದಲೇ ಅದನ್ನು ಮಾಡಿ, ಪೇಟೆಂಟಿನ ಗೊಡವೆಯಿಲ್ಲದೆ ಕಾಗದ ಹಂಚುತ್ತಿದ್ದರು. 1953ರ ಡಿಸೆಂಬರಿನಲ್ಲಿ ಆ ರಾತ್ರಿ ಟಪಾಲಿನ ಒಂದು ಡಕೋಟ ನಾಗಪುರದಿಂದ ಮದರಾಸಿಗೆ ಎದ್ದ ಸ್ವಲ್ಪದರಲ್ಲೇ ಬಿತ್ತು. ಟಪಾಲಿನ ಜೊತೆ ಪ್ರಯಾಣಿಕರೂ ಇದ್ದರು. ಸರಕು ಎಂದರೆ ರಾತ್ರಿ ಎಂಬ ಕಟ್ಟುಪಾಡು ಆಗಿನಿಂದಲೇ ಇದೆ. ಜನ ಹಗಲು ಹಾರಲು ಬಯಸುತ್ತಾರೆ, ಪಾರ್ಸೆಲ್ಲು ತಕರಾರು ಮಾಡುವುದಿಲ್ಲ.

ಈಗ ನೇರ ವಿಷಯಕ್ಕೆ. 2002ರ ಜುಲೈ 26, ಬೆಳಗಿನ ಜಾವ ಐದೂವರೆ ದಾಟಿತ್ತು, ಇನ್ನೂ ಕತ್ತಲೆ. ಮೆಂಫಿಸ್‌ನಿಂದ ಹೊರಟ ಫೆಡ್ಎಕ್ಸ್‌ನ ಬೋಯಿಂಗ್ 727 ಸರಕು ವಿಮಾನ ಫ್ಲಾರಿಡಾದ ಟ್ಯಾಲಹಾಸಿಯಲ್ಲಿ ಇಳಿಯಬೇಕು. ಆಕಾಶ ಶುಭ್ರ, ರನ್‌ವೇ ದೀಪ ದೂರದಿಂದಲೇ ಕಾಣುತ್ತಿದೆ. ಕಾಕ್‌ಪಿಟ್ಟಿನಲ್ಲಿ ಮೂವರು: ಕ್ಯಾಪ್ಟನ್, ವಿಮಾನ ನಡೆಸುತ್ತಿದ್ದ ಸಹಪೈಲಟ್, ಫ್ಲೈಟ್ ಇಂಜಿನಿಯರ್. ಕಣ್ಣಂದಾಜಿನಲ್ಲೇ ಇಳಿಯುವುದೆಂದಾಯಿತು. ರನ್‌ವೇಯ ಪಕ್ಕದಲ್ಲಿ ಪಾಪಿ ಎಂಬ ದೀಪಸಾಲು ಇರುತ್ತದೆ. ಹೆಸರು ಕೇಳಿ ನಗಬೇಡಿ, ಇಂಗ್ಲಿಷಿನ ನಾಲ್ಕಕ್ಷರ ಕೂಡಿ ಹಾಗಾಗಿದೆ. ಕೆಲಸ ಮಾತ್ರ ಪುಣ್ಯದ್ದು. ನಾಲ್ಕು ದೀಪ. ನಾಲ್ಕೂ ಬಿಳಿ ಕಂಡರೆ ನೀವು ತೀರಾ ಮೇಲಿದ್ದೀರಿ. ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿಯಾದ ದಾರಿ. ನಾಲ್ಕೂ ಕೆಂಪಾದರೆ ಅಪಾಯ, ಕೆಳಗಿದ್ದೀರಿ, ಮೇಲೇಳಿ. ಆ ದಿನ ಕೊನೆಯ ಹಂತದಲ್ಲಿ ನಾಲ್ಕೂ ಕೆಂಪಿದ್ದವು. ಮೂರು ಜೋಡಿ ಕಣ್ಣು ನೋಡುತ್ತಿದ್ದವು. ವಿಮಾನ ರನ್‌ವೇಗೆ ಇನ್ನೂ ಒಂದು ಕಿಲೋಮೀಟರಿಗೂ ಹೆಚ್ಚು ದೂರವಿರುವಾಗಲೇ ಮರಗಳಿಗೆ ಬಡಿದು ನೆಲಕ್ಕೆ ಬಿತ್ತು, ಬೆಂಕಿ ಹತ್ತಿತು. ಮೂವರೂ ತೀವ್ರವಾಗಿ ಗಾಯಗೊಂಡರೂ ಬದುಕಿ ಹೊರಬಂದರು. ಹಾಗಾಗಿ ಈ ಕಥೆ ನಮಗೆ ಅವರ ಬಾಯಿಂದಲೇ ಸಿಕ್ಕಿತು.

ತನಿಖೆ ನಡೆಸಿದ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಒಂದೊಂದೇ ಎಳೆ ಬಿಡಿಸಿತು. ಸಹಪೈಲಟ್‌ಗೆ ಹುಟ್ಟಿನಿಂದಲೇ ಕೆಂಪು ಹಸಿರಿನ ನಡುವೆ ಗೊಂದಲ. ಆದರೂ ಹಾರಲು ವೈದ್ಯಕೀಯ ಅನುಮತಿ ಸಿಗುತ್ತಲೇ ಬಂದಿತ್ತು. ಅಪಘಾತದ ನಂತರ ಕೂಲಂಕಷವಾಗಿ ನೋಡಿದಾಗ ದೋಷ ದೊಡ್ಡದೆಂದು ತಿಳಿಯಿತು. ಸರಿ, ಮಿಕ್ಕ ಇಬ್ಬರಿಗೆ? ಅವರ ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಕ್ಯಾಪ್ಟನ್‌ಗೂ ಸಹಪೈಲಟ್‌ಗೂ ನಿದ್ದೆ ಚೆನ್ನಾಗಿರಲಿಲ್ಲ. ಕ್ಯಾಪ್ಟನ್ ಮನೆಯಲ್ಲಿ ಸಾಕಿದ ನಾಯಿಗೆ ಹುಷಾರಿಲ್ಲದೆ, ಎದ್ದೆದ್ದು ನೋಡಿಕೊಂಡು ನಿದ್ದೆ ಕೆಟ್ಟಿತ್ತು ಎಂಬ ಸಣ್ಣ ಸಂಗತಿಯೂ ವರದಿಯಲ್ಲಿ ಬರುತ್ತದೆ. ಮನುಷ್ಯ ಎಚ್ಚರವಾಗಿದ್ದಾನೆ, ಮಾತಾಡುತ್ತಿದ್ದಾನೆ, ಕೆಂಪು ದೀಪ ಕಣ್ಣಿಗೆ ಬೀಳುತ್ತಿದೆ. ಆದರೆ ಅದು ಕೆಂಪು, ನಾನು ಏನಾದರೂ ಮಾಡಬೇಕು ಎಂಬುದು ತಲೆಗೆ ಇಳಿಯುವುದಿಲ್ಲ. ಬೆಳಗಿನ ಜಾವ ಎರಡರಿಂದ ಆರರವರೆಗಿನ ಹೊತ್ತಿನಲ್ಲಿ ಮೈ ಎಷ್ಟೇ ಬೇಡವೆಂದರೂ ನಿದ್ದೆಯತ್ತ ವಾಲುತ್ತದೆ. ರಾತ್ರಿ ಪಾಳಿ ಮಾಡಿದವರಿಗೆ ಇದು ವಿಜ್ಞಾನಿಗಳು ಹೇಳಬೇಕಾದ ಮಾತಲ್ಲ.

ಮತ್ತೊಂದು ಎಳೆ ಇನ್ನೂ ಸ್ವಾರಸ್ಯದ್ದು. ಅಂದು ವಿಮಾನ ಬಂದ ದಿಕ್ಕಿನಲ್ಲಿ ರನ್‌ವೇಗೆ ಮುಂಚೆ ಬರೀ ಕಾಡು, ಒಂದು ದೀಪವೂ ಇಲ್ಲ. ಕತ್ತಲಾದ ಮೇಲೆ ಇಲ್ಲಿನ ಮಾಲೇಕಲ್ಲು ತಿರುಪತಿ ಬೆಟ್ಟದ ಮೇಲೆ ನಿಂತು ಊರ ಕಡೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಡುವಿನ ತೋಟ, ಹೊಲ, ದಾರಿ ಎಲ್ಲವನ್ನೂ ಕತ್ತಲೆ ನುಂಗಿರುತ್ತದೆ. ಊರಿನ ದೀಪ ಮಾತ್ರ ಹೊಳೆಯುತ್ತಿರುತ್ತದೆ, ಎಷ್ಟು ದೂರ, ನಾವೆಷ್ಟು ಎತ್ತರದಲ್ಲಿದ್ದೇವೆ ಎಂದು ಕಣ್ಣು ಸರಿಯಾಗಿ ಹೇಳುವುದಿಲ್ಲ. ಹಗಲಿನಲ್ಲಿ ಮರ, ಮನೆ, ಮೇಯುವ ದನದ ಗಾತ್ರ ನೋಡಿ ನಮಗರಿವಿಲ್ಲದೆ ಎತ್ತರ ಅಳೆಯುತ್ತಿರುತ್ತೇವೆ. ಆ ಅಳತೆಗೋಲು ಇಲ್ಲದಾಗ ಪೈಲಟ್‌ಗೆ ತಾನು ಇರುವುದಕ್ಕಿಂತ ಮೇಲಿದ್ದೇನೆ ಅನ್ನಿಸುತ್ತದೆ. ಅವನು ಇಳಿಸುತ್ತಾನೆ. ಇನ್ನೂ ಇಳಿಸುತ್ತಾನೆ. ವಿಮಾನಯಾನದವರು ಇದನ್ನು ಬ್ಲ್ಯಾಕ್ ಹೋಲ್ ಎನ್ನುತ್ತಾರೆ. 1960ರ ದಶಕದ ಕೊನೆಯಲ್ಲಿ ಬೋಯಿಂಗ್ ಕಂಪನಿಯ ಕಾನ್ರಾಡ್ ಕ್ರಾಫ್ಟ್ ಎಂಬ ಮನಃಶಾಸ್ತ್ರಜ್ಞ ದೀಪಗಳ ಆಟಿಕೆಯೂರೊಂದನ್ನು ಕಟ್ಟಿಸಿ, ಸಿಮ್ಯುಲೇಟರಿನಲ್ಲಿ ಬೋಯಿಂಗಿನದೇ ನುರಿತ ಬೋಧಕ ಪೈಲಟ್ಟುಗಳನ್ನು ಕೂರಿಸಿ, ಎತ್ತರ ತೋರಿಸುವ ಮಾಪಕ ಮರೆಮಾಡಿ, ಕಣ್ಣಂದಾಜಿನಲ್ಲಿ ಇಳಿಸಿ ಎಂದ. ಇತರರಿಗೆ ಪಾಠ ಹೇಳುವ ಆ ಗುರುಗಳಲ್ಲಿ ಬಹುತೇಕ ಎಲ್ಲರೂ ಅಪಾಯದಷ್ಟು ಕೆಳಗೆ ಇಳಿದರು. ಇದು ಅನುಭವದ ಕೊರತೆಯಲ್ಲ. ಕಣ್ಣಿನ ಜಾಯಮಾನ.

ಹೀಗೆ ಕತ್ತಲೆ ಕಣ್ಣಿಗೆ ಸುಳ್ಳು ಹೇಳುತ್ತದೆ, ಆ ಸುಳ್ಳನ್ನು ಹಿಡಿಯಬೇಕಾದ ಬುದ್ಧಿ ನಿದ್ದೆಗೆಟ್ಟಿರುತ್ತದೆ. ಎರಡೂ ಒಂದೇ ಹೊತ್ತಿನಲ್ಲಿ ಬರುತ್ತವೆ. ಸರಕು ವಿಮಾನಗಳ ವೇಳಾಪಟ್ಟಿ ಇರುವುದೂ ಅದೇ ಹೊತ್ತಿಗೆ.

ಹನ್ನೊಂದು ವರ್ಷದ ನಂತರ, 2013ರ ಆಗಸ್ಟ್ 14ರಂದು, ಯುಪಿಎಸ್ ಕಂಪನಿಯ ಏರ್‌ಬಸ್ ಎ300 ಸರಕು ವಿಮಾನ ಲೂಯಿವಿಲ್‌ನಿಂದ ಅಲಬಾಮದ ಬರ್ಮಿಂಗ್‌ಹ್ಯಾಮ್‌ಗೆ ಬಂತು. ಸಮಯ 4.47. ಅಲ್ಲಿನ ಉದ್ದನೆಯ ರನ್‌ವೇ ದೀಪ ದುರಸ್ತಿಗೆಂದು ಐದು ಗಂಟೆಯವರೆಗೆ ಮುಚ್ಚಿತ್ತು. ಇನ್ನು ಹದಿಮೂರು ನಿಮಿಷ! ಗಿಡ್ಡ ರನ್‌ವೇಗೆ ಇಳಿಯಬೇಕಾಯಿತು, ಅಲ್ಲಿ ಎತ್ತರದ ದಾರಿ ತೋರುವ ರೇಡಿಯೊ ಸಂಕೇತ ಇಲ್ಲ. ಕಂಪ್ಯೂಟರಿನಲ್ಲಿ ಇಳಿಯುವ ದಾರಿಯ ಲೆಕ್ಕ ಸರಿಯಾಗಿ ಕೂರಿಸಿರಲಿಲ್ಲ. ಕ್ಯಾಪ್ಟನ್ ಬೇರೆ ವಿಧಾನಕ್ಕೆ ಬದಲಾಯಿಸಿ ನಿಮಿಷಕ್ಕೆ 1,500 ಅಡಿ ವೇಗದಲ್ಲಿ ಇಳಿಸಿದರು. ಮೋಡ ಸಾವಿರ ಅಡಿಯಲ್ಲಿ ಹರಿಯುತ್ತದೆ ಎಂದುಕೊಂಡಿದ್ದರು, ಹರಿಯಲಿಲ್ಲ. 'ಇದಕ್ಕಿಂತ ಕೆಳಗೆ ರನ್‌ವೇ ಕಾಣದೆ ಹೋಗಬಾರದು' ಎಂಬ ಎತ್ತರ ಬಂದಾಗ ಕೂಗಿ ಹೇಳಬೇಕಾದದ್ದು ಸಹಪೈಲಟ್ ಕೆಲಸ. ಆ ಕೂಗು ಬರಲಿಲ್ಲ. ಮರ, ವಿದ್ಯುತ್ ತಂತಿ, ಆಮೇಲೆ ಗುಡ್ಡ. ಇಬ್ಬರೂ ಹೋದರು.

ಹೊರಡುವ ಮುಂಚೆ ಆ ಇಬ್ಬರೂ ಕಾಕ್‌ಪಿಟ್ಟಿನಲ್ಲಿ ಕೂತು ಏನು ಮಾತಾಡಿದರು ಎಂಬುದು ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ನಿದ್ದೆಯ ಬಗ್ಗೆ ಮಾತಾಡಿದ್ದರು. ಪ್ರಯಾಣಿಕ ವಿಮಾನದವರಿಗೆ ಬರುವ ಹೊಸ ವಿಶ್ರಾಂತಿ ನಿಯಮ ನಮಗಿಲ್ಲವಲ್ಲ, ಸುರಕ್ಷತೆ ಎಂದಮೇಲೆ ಎಲ್ಲರಿಗೂ ಒಂದೇ ಇರಬೇಡವೇ ಎಂದು.

ಆ ನಿಯಮದ ಕಥೆ ಹೇಳಲೇಬೇಕು. 2009ರ ಫೆಬ್ರುವರಿಯಲ್ಲಿ ಬಫಲೊ ನಗರದ ಹತ್ತಿರ ರಾತ್ರಿ ಇಳಿಯುತ್ತಿದ್ದ ಕೋಲ್ಗನ್ ಏರ್‌ನ ಪ್ರಯಾಣಿಕ ವಿಮಾನ ಬಿದ್ದು 50 ಜನ ಸತ್ತರು. ಪೈಲಟ್ಟುಗಳ ಆಯಾಸ ದೊಡ್ಡ ಚರ್ಚೆಯಾಯಿತು. ಅಮೆರಿಕದ ವಿಮಾನಯಾನ ಇಲಾಖೆ ಹೊಸ ವಿಶ್ರಾಂತಿ ನಿಯಮದ ಕರಡು ಮಾಡಿತು, ಕರಡಿನಲ್ಲಿ ಸರಕು ವಿಮಾನದವರೂ ಇದ್ದರು. ಅಂತಿಮ ನಿಯಮದಲ್ಲಿ ಇರಲಿಲ್ಲ. 2014ರ ಜನವರಿಯಿಂದ ಜಾರಿಗೆ ಬಂದ ಆ ನಿಯಮ ಸರಕಿನ ಕಂಪನಿಗಳಿಗೆ 'ಬೇಕಿದ್ದರೆ ಅಳವಡಿಸಿಕೊಳ್ಳಿ' ಎಂದಿತು. ಕಾರಣ ಕೊಟ್ಟದ್ದು ಲೆಕ್ಕಾಚಾರದ್ದು: ಸರಕು ವಿಮಾನದಲ್ಲಿರುವುದು ಇಬ್ಬರು, ಅವರಿಗೆ ವಿಶ್ರಾಂತಿ ಕೊಡಲು ಆಗುವ ಖರ್ಚು ಉಳಿಯುವ ಜೀವಗಳ ಬೆಲೆಗಿಂತ ಹೆಚ್ಚು. ಬರ್ಮಿಂಗ್‌ಹ್ಯಾಮ್ ತನಿಖೆಯವರು ಆ ಸಹಪೈಲಟ್ ವಿಶ್ರಾಂತಿಗೆ ಸಿಕ್ಕ ಸಮಯವನ್ನು ತಾವೇ ಸರಿಯಾಗಿ ಬಳಸಿರಲಿಲ್ಲ ಎಂದೂ ಬರೆದಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಹೊಸ ನಿಯಮ ಇದ್ದಿದ್ದರೂ ಆ ದಿನ ವಿಮಾನ ಉಳಿಯುತ್ತಿತ್ತೆಂದು ಆಣೆ ಮಾಡಿ ಹೇಳಲಾಗದು. ಆದರೆ ನಿದ್ದೆಗೆ ಒಂದು ಶಾರೀರಿಕ ಮಿತಿ ಇದೆ ಎಂದು ಒಪ್ಪಿಕೊಂಡ ಮೇಲೆ, ಬೆನ್ನಹಿಂದೆ ಮನುಷ್ಯರಿದ್ದರೆ ಒಂದು ಮಿತಿ, ಶೂ ಡಬ್ಬಿಗಳಿದ್ದರೆ ಇನ್ನೊಂದು ಮಿತಿ ಎಂದು ಬರೆಯುವ ಕೈಗೆ ನಾಚಿಕೆಯಾಗಬೇಕಿತ್ತು.

ಆ ಲೆಕ್ಕದಲ್ಲಿ ಇನ್ನೊಂದು ತೂತಿದೆ. ವಿಮಾನದ ಒಳಗಿರುವವರನ್ನು ಎಣಿಸಿದರು, ಕೆಳಗಿರುವವರನ್ನು ಎಷ್ಟರಮಟ್ಟಿಗೆ ಎಣಿಸಿದರು? 2017ರ ಜನವರಿ 16. ಹಾಂಗ್‌ಕಾಂಗ್‌ನಿಂದ ಇಸ್ತಾಂಬುಲ್‌ಗೆ ಹೊರಟ ಬೋಯಿಂಗ್ 747 ಸರಕು ವಿಮಾನ ನಡುವೆ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಇಳಿಯಬೇಕಿತ್ತು. ಬೆಳಿಗ್ಗೆ ಏಳು ದಾಟಿದರೂ ಆ ಚಳಿಗಾಲದಲ್ಲಿ ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಮೇಲೆ ದಟ್ಟ ಮಂಜು. ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿ ಬಂದು, ಇಳಿಯುವ ದಾರಿ ತೋರುವ ರೇಡಿಯೊ ವ್ಯವಸ್ಥೆಯಾದ ಐಎಲ್‌ಎಸ್‌ನ ಸುಳ್ಳು ಸಂಕೇತವೊಂದನ್ನು ಹಿಡಿದು, ರನ್‌ವೇಯನ್ನೇ ದಾಟಿ ಆಚೆಯ ಹಳ್ಳಿಯ ಮೇಲೆ ಬಿತ್ತು. ವಿಮಾನದಲ್ಲಿದ್ದ ನಾಲ್ವರು ಸತ್ತರು. ಹಳ್ಳಿಯಲ್ಲಿ 35 ಜನ ಸತ್ತರು, ಬಹಳ ಮಂದಿ ತಮ್ಮ ಮನೆಯಲ್ಲೇ. 1992ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಲ್ ಆಲ್ ಕಂಪನಿಯ ಸರಕು ವಿಮಾನ ಇಂಜಿನ್ ಕಳಚಿ ಬಿದ್ದು ವಾಪಸ್ ಇಳಿಯಲು ಬರುವಾಗ ಬಹುಮಹಡಿ ವಸತಿಯೊಂದಕ್ಕೆ ನುಗ್ಗಿತ್ತು. ಅಲ್ಲೂ ಸತ್ತವರಲ್ಲಿ ಹೆಚ್ಚಿನವರು ನೆಲದವರೇ. 2024ರ ನವೆಂಬರಿನಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಬೆಳಗಿನ ಜಾವ ಡಿಎಚ್‌ಎಲ್‌ಗಾಗಿ ಹಾರುತ್ತಿದ್ದ 737 ಒಂದು ಮನೆಯ ಬಗಲಿಗೇ ಬಿತ್ತು. ವಿಮಾನದ ನಾಲ್ವರಲ್ಲಿ ಒಬ್ಬರು ಸತ್ತರು, ಮನೆಯವರು ಹೇಗೋ ಬದುಕಿದರು. ಸರಕು ವಿಮಾನದಲ್ಲಿ ಸಾಯುವವರು ಇಬ್ಬರೇ ಎಂಬ ಲೆಕ್ಕ ಯಾವ ಊರಿಗೆ ಅನ್ವಯಿಸುತ್ತದೋ ನನಗೆ ತಿಳಿಯದು.

ದೂರದ ಊರು ಸಾಕು, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಬರೋಣ. 2010ರ ಮೇ 22ರ ಬೆಳಿಗ್ಗೆ 6.05. ದುಬೈನಿಂದ ರಾತ್ರಿಯಿಡೀ ಹಾರಿ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812. ಸರಕಲ್ಲ, ಜನ: 160 ಪ್ರಯಾಣಿಕರು, ಆರು ಸಿಬ್ಬಂದಿ. ತುಳು, ಬ್ಯಾರಿ, ಕೊಂಕಣಿ, ಕನ್ನಡ, ಮಲೆಯಾಳ ಮಾತಾಡುವ ದಕ್ಷಿಣ ಕನ್ನಡ, ಕಾಸರಗೋಡಿನ ಮನೆಗಳವರು. ಕಾಕ್‌ಪಿಟ್ ಧ್ವನಿಮುದ್ರಿಕೆ ಎರಡು ಗಂಟೆ ಚಿಲ್ಲರೆಯದ್ದು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಗೊರಕೆ ದಾಖಲಾಗಿದೆ. ಮಂಗಳೂರಿನ ರಡಾರ್ ಎರಡು ದಿನದಿಂದ ಕೆಟ್ಟಿತ್ತು, ಹಾಗಾಗಿ ಇಳಿಯುವ ಅನುಮತಿ ತಡವಾಗಿ ಸಿಕ್ಕಿತು. ಎದ್ದ ಹೊಸದರಲ್ಲಿ ಮನುಷ್ಯನ ತಲೆ ಪೂರ್ತಿ ಎಚ್ಚರವಾಗಿರುವುದಿಲ್ಲ. ವಿಮಾನ ಇರಬೇಕಾದುದಕ್ಕಿಂತ ತೀರಾ ಎತ್ತರದಲ್ಲಿತ್ತು, ವೇಗವೂ ಹೆಚ್ಚು. ಸಹಪೈಲಟ್ 'ಗೋ ಅರೌಂಡ್', ಇಳಿಸಬೇಡಿ, ಮೇಲೇಳಿ ಎಂದು ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿದರು. ಸುಮಾರು 8,000 ಅಡಿ ರನ್‌ವೇಯಲ್ಲಿ ಚಕ್ರ ತಾಗಿದ್ದು 5,200 ಅಡಿ ಕಳೆದ ಮೇಲೆ. ಮುಂದೆ ಕಣಿವೆ. 158 ಜನ ಸತ್ತು ಎಂಟು ಮಂದಿ ಉಳಿದರು. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ವರದಿಯಲ್ಲಿ ಇದೆಲ್ಲ ವಿವರವಾಗಿ ಇದೆ.

ನನ್ನ ವಾದಕ್ಕೆ ಈ ಪ್ರಕರಣ ಪೂರ್ತಿ ಒಗ್ಗುವುದಿಲ್ಲ, ಅದಕ್ಕೇ ಹೇಳಿದೆ. ಇಲ್ಲಿ ಹಿಂದೆ ಜನರಿದ್ದರು, ಪ್ರಯಾಣಿಕ ವಿಮಾನದ ನಿಯಮಗಳೂ ಇದ್ದವು. ಆದರೂ ನಿದ್ದೆ ಗೆದ್ದಿತು. ಕಾಗದದ ಮೇಲೆ ವಿಶ್ರಾಂತಿ ಬರೆದರೆ ಮುಗಿಯಲಿಲ್ಲ, ಪಕ್ಕದಲ್ಲಿ ಕೂತ ಕಿರಿಯನಿಗೆ ಹಿರಿಯನ ಕೈಯಿಂದ ವಿಮಾನವನ್ನು ತೆಗೆದುಕೊಳ್ಳುವ ಧೈರ್ಯವೂ ಬೇಕು. ನಮ್ಮಲ್ಲಿ ದೊಡ್ಡವರ ಮಾತಿಗೆ ಎದುರಾಡದಿರುವುದು ಸಂಸ್ಕಾರ. ಕಾಕ್‌ಪಿಟ್ಟಿನಲ್ಲಿ ಅದೇ ಸಂಸ್ಕಾರ ಜೀವ ತೆಗೆಯಬಹುದು. ರೈಲ್ವೆಯವರು ಈ ವಿಷಯದಲ್ಲಿ ಪುಣ್ಯವಂತರು. ನಿಮ್ಮ ಇಂಜಿನ್ನಿನಲ್ಲಿ ಒಂದು ನಿಮಿಷ ಏನೂ ಮುಟ್ಟದೆ ಕೂತರೆ ದೀಪ ಮಿನುಗುತ್ತದೆ, ಬಜರ್ ಕೂಗುತ್ತದೆ, ಆಮೇಲೆ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ವಿಮಾನಕ್ಕೆ ಆಕಾಶದಲ್ಲಿ ಬ್ರೇಕ್ ಹಾಕಿ ನಿಲ್ಲಿಸಲು ಬರುವುದಿಲ್ಲ.

2025ರ ಡಿಸೆಂಬರ್ ಮೊದಲ ವಾರ ನಿಮಗೆಲ್ಲ ನೆನಪಿದೆ. ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿತು. ಹುಬ್ಬಳ್ಳಿಯಲ್ಲಿ ನವದಂಪತಿ ತಮ್ಮ ಆರತಕ್ಷತೆಗೇ ವಿಡಿಯೊ ಕಾಲ್‌ನಲ್ಲಿ ಹಾಜರಾದರು, ಹೆತ್ತವರು ವೇದಿಕೆಯ ಕುರ್ಚಿಯಲ್ಲಿ ಕೂತರು. ಟಿವಿಯವರು ಅದನ್ನು ಚೆನ್ನಾಗಿ ತೋರಿಸಿದರು. ಈ ಗಲಾಟೆಯ ಬುಡದಲ್ಲಿ ಇದ್ದದ್ದು ಪೈಲಟ್ಟುಗಳ ನಿದ್ದೆಯ ನಿಯಮ ಎಂಬುದು ಮಾತ್ರ ಕೊನೆಯ ಸಾಲಿನಲ್ಲಿ ಬಂತು. 2024ರ ಜನವರಿಯಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಹೊಸ ನಿಯಮ ಹೊರಡಿಸಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಎಂದರೆ ಹನ್ನೆರಡರಿಂದ ಐದು ಎಂದಿದ್ದುದು ಆರರವರೆಗೆ ಚಾಚಿತು, ಬಜ್ಪೆಯ 6.05 ಅದಕ್ಕೂ ಐದು ನಿಮಿಷ ಆಚೆ ಬೀಳುತ್ತದೆ, ಇರಲಿ. ರಾತ್ರಿ ಪಾಳಿಯಲ್ಲಿ ಆರು ಸಲ ಇಳಿಸಬಹುದಾಗಿದ್ದವನು ಎರಡೇ ಸಲ ಇಳಿಸಬೇಕು. ಕಂಪನಿಗಳು ಕಾಲಾವಕಾಶ ಕೇಳಿದವು, ಪೈಲಟ್ಟುಗಳು ದಿಲ್ಲಿ ಹೈಕೋರ್ಟಿಗೆ ಹೋದರು. 2025ರ ಜುಲೈಯಲ್ಲಿ ಒಂದಿಷ್ಟು, ನವೆಂಬರಿನಲ್ಲಿ ಮಿಕ್ಕದ್ದು ಜಾರಿಯಾಯಿತು. ಸಾಕಷ್ಟು ಜನರನ್ನು ನೇಮಿಸಿಕೊಳ್ಳದೆ ಕೂತಿದ್ದ ಕಂಪನಿ ಕುಸಿಯಿತು. ಜನ ಬೈದದ್ದು ಕಂಪನಿಯನ್ನೂ ಹೌದು, ನಿಯಮವನ್ನೂ ಹೌದು. ಸಡಿಲಿಸಿದ್ದು ನಿಯಮವನ್ನು: 2026ರ ಫೆಬ್ರುವರಿ 10ರವರೆಗೆ ಇಂಡಿಗೊಗೆ ವಿನಾಯಿತಿ ಸಿಕ್ಕಿತು. ನಮ್ಮ ಮದುವೆ, ನಮ್ಮ ಪರೀಕ್ಷೆ, ನಮ್ಮ ಪಾರ್ಸೆಲ್ಲು ತಡವಾದ ಕೂಡಲೇ ಇನ್ನೊಬ್ಬನ ನಿದ್ದೆ ನಮಗೆ ಅಡ್ಡಿಯಾಗಿ ಕಾಣುತ್ತದೆ. ಅಮೆರಿಕದ ಆ ಲೆಕ್ಕಪತ್ರ ಬರೆದವರಿಗಿಂತ ನಾವೇನೂ ಬಹಳ ಭಿನ್ನರಲ್ಲ.

ಕೊನೆಗೆ ಬೂವನಹಳ್ಳಿ, ಹಾಸನದ ವಿಮಾನ ನಿಲ್ದಾಣಕ್ಕೆಂದು ಗುರುತಿಸಿದ ಜಾಗ. ಹಾಸನದ ವಿಮಾನ ನಿಲ್ದಾಣದ ಪುರಾಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದನ್ನು ಇಲ್ಲಿ ಎತ್ತಿ ರಾಜಕೀಯ ಮಾಡುವುದಿಲ್ಲ. ಬೇಲೂರು ಹಳೇಬೀಡಿಗೆ ಪ್ರವಾಸಿಗರು ಹೆಚ್ಚಾಗುತ್ತಾರೆ ಎಂಬುದೇ ಅದರ ಪರವಾಗಿ ಎಲ್ಲರೂ ಹೇಳುವ ಮಾತು. ಆದರೆ ಪ್ರವಾಸಿ ಹಗಲು ಬರುತ್ತಾನೆ. ಇಲ್ಲಿನ ಹೂವು, ತರಕಾರಿ, ಕೊರಿಯರ್ ಸಾಗಿಸಬೇಕೆಂದರೆ ಅದು ರಾತ್ರಿಯೇ. ಹಾಗಾಗಿ ಅಹವಾಲು ಸಭೆ ಕರೆದ ದಿನ ರನ್‌ವೇ ಎಷ್ಟು ಉದ್ದ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ರಾತ್ರಿ ಇಳಿಸಲು ಬಿಡುತ್ತೀರಾ, ಬಿಡುವುದಾದರೆ ಎರಡೂ ತುದಿಗೆ ಪಾಪಿ ದೀಪ ಇದೆಯೇ, ಐಎಲ್‌ಎಸ್ ಒಂದು ತುದಿಗೆ ಮಾತ್ರವೋ ಎರಡಕ್ಕೂ ಇದೆಯೋ, ಬೆಳಗಿನ ಜಾವ ನಾಲ್ಕಕ್ಕೆ ಟವರಿನಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆ, ಇಳಿಯುವ ದಾರಿಯ ಕೆಳಗೆ ಯಾವ ಯಾವ ಹಳ್ಳಿ ಬರುತ್ತವೆ ಎಂದು ಕೇಳಿ. ಉತ್ತರ ಬರೆದು ಕೊಡಿ ಎಂದೂ ಕೇಳಿ. ಪಾಪಿ ಎಂದಾಗ ಅಧಿಕಾರಿಗಳು ನಕ್ಕರೆ ಅವರಿಗೆ ಟ್ಯಾಲಹಾಸಿಯ ಕಥೆ ಹೇಳಬಹುದು.